ಏರಿಗೆ ಬೇಕಾದ ಗೇರು

ಹೊಲಿಗೆಯಕ್ಕನಿಗೆ ಸಿಟ್ಟು ಬಂದದ್ದು ಏರಿನ ಮೇಲಲ್ಲ. ಏರು ಪಾಪ, ಅವಳು ಮದುವೆಯಾಗಿ ಬಂದ ದಿನದಿಂದ ಅಲ್ಲೇ ಬಿದ್ದುಕೊಂಡಿತ್ತು. ಸಿಟ್ಟು ಬಂದದ್ದು ಏರಿನ ಆ ತುದಿಯಲ್ಲಿ ನಿಂತು ಬುದ್ಧಿ ಹೇಳುವ ಮೈದುನನ ಮೇಲೆ, ಮತ್ತು ಈ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವ ರೇಸಣ್ಣನ ಮೇಲೆ.

ಏರಿನ ಮೇಲೆ ಆಸ್ಪತ್ರೆ. ಅಲ್ಲಿನ ರೋಗಿಗಳ ನಿಲುವಂಗಿ, ದಿಂಬಿನ ಚೀಲಗಳನ್ನು ಹೊಲಿದು ವಾರಕ್ಕೆರಡು ಸಲ ತಲುಪಿಸುವ ಕೆಲಸ ಅವಳದು. ಇದ್ದುದರಲ್ಲೇ ಅಗ್ಗದ ಸೈಕಲ್ಲಿನ ಹಿಂದೆ ಗಂಟು ಕಟ್ಟಿ ಹೊರಟರೆ ಅರ್ಧ ಏರಿಗೇ ಇಳಿದು ತಳ್ಳಬೇಕು. ಮೇಲೆ ಮುಟ್ಟುವಾಗ ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ. ಆಸ್ಪತ್ರೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದ ಮೈದುನ ಅದೇ ಹೊತ್ತು ನೋಡಿ, "ಅತ್ತಿಗೆ, ಐವತ್ತು ದಾಟ್ತು. ಇನ್ನು ಈ ಕೆಲಸ ನನ್ನ ಹೆಂಡತಿಗೆ ಬಿಟ್ಬಿಡಿ. ನಾನು ಸ್ಕೂಟರಲ್ಲಿ ತಂದ್ಹಾಕ್ತೀನಿ," ಎನ್ನುತ್ತಿದ್ದ. ಉತ್ತರ ಕೊಡಲು ಅವಳಲ್ಲಿ ಉಸಿರಿರುತ್ತಿರಲಿಲ್ಲ. ಉತ್ತರ ಬರದಿದ್ದುದನ್ನೇ ಒಪ್ಪಿಗೆ ಅಂದುಕೊಂಡು ಅವನು ಹೆಂಡತಿಗೆ ಹೊಸ ಹೊಲಿಗೆ ಮೆಷಿನ್ ನೋಡತೊಡಗಿದ್ದ. ಎಂಥ ಧೈರ್ಯ!

ಏರು ಹತ್ತಲು ಸೈಕಲ್ಲಿಗೆ ಗೇರು ಹಾಕಿಸುತ್ತೇನೆ ಎಂದು ಅವಳು ಹೇಳಿದಾಗಲೂ ನಕ್ಕ. "ಆ ಸೈಕಲ್ಲಿಗಾ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ!"

ರೇಸಣ್ಣ ಹರೆಯದಲ್ಲಿ ಸೈಕಲ್ ಓಟದಲ್ಲಿ ಮೂರನೆಯವನಾಗಿ ಬಂದಿದ್ದವನು. ಅದರ ಫೋಟೋ ಅಂಗಡಿಯ ಗೋಡೆಯಲ್ಲಿ ಇನ್ನೂ ಇದೆ. ಗೇರು ಅಂದರೆ ಅವನ ತಲೆಗೆ ಹೊಳೆಯುವುದು ಒಂದೇ, ವೇಗ. ಏರು ಹತ್ತಲು ಬೇಕು ಎಂದು ಅವಳು ಮೂರು ಸಲ ಹೇಳಿದಳು. ಮೂರು ಸಲವೂ ತಲೆಯಾಡಿಸಿ, ಪೆಡಲಿನ ಹತ್ತಿರ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರವನ್ನೂ ಹಿಂದೆ ಚಿಕ್ಕಚಿಕ್ಕ ಚಕ್ರಗಳನ್ನೂ ಕೂರಿಸಿಕೊಟ್ಟ. ಸಮತಟ್ಟು ರಸ್ತೆಯಲ್ಲಿ ಸೈಕಲ್ಲು ಬಾಣದ ಹಾಗೆ ಹೋಯಿತು. ಏರು ಬಂದದ್ದೇ ನಿಂತುಬಿಟ್ಟಿತು. ಮೊದಲಾದರೆ ಅರ್ಧ ಏರಾದರೂ ಹತ್ತುತ್ತಿದ್ದಳು.

"ಗೇರು ಸರಿಯಾಗೇ ಇದೆ ಅಕ್ಕ," ಎಂದ ರೇಸಣ್ಣ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಮೆಷಿನ್ ತುಳಿದವಳಿಗೆ ತುಳಿಯಲು ಬರುವುದಿಲ್ಲವೆ? ಅವನ ಕೈಯ ಗ್ರೀಸನ್ನೂ ಲೆಕ್ಕಿಸದೆ ರಟ್ಟೆ ಹಿಡಿದು ಎದುರಿನ ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಮೆಷಿನ್ನಿನ ಮುಂದೆ ಕೂರಿಸಿದಳು.

"ನೋಡು. ಕೆಳಗೆ ದೊಡ್ಡ ಚಕ್ರ, ಮೇಲೆ ಚಿಕ್ಕದು. ತೆಳು ಬಟ್ಟೆ ಕೊಟ್ರೆ ಓಡುತ್ತೆ. ಈಗ ಇದನ್ನ ತುಳಿ," ಎಂದು ಎಂಟು ಮಡಿಕೆಯ ಜೀನ್ಸ್ ಬಟ್ಟೆಯನ್ನು ಸೂಜಿಯ ಕೆಳಗೆ ತುರುಕಿದಳು. ರೇಸಣ್ಣ ತುಳಿದ. ಮೆಷಿನ್ ಗುರ್ ಎಂದು ನಿಂತಿತು. ಎರಡೂ ಕಾಲು ಒತ್ತಿದ, ಬೆವರಿದ.

"ಈಗ ನೆಲ ಡೊಂಕಾಯ್ತಾ?" ಎಂದಳು. "ನಂಗೆ ಓಡೋದು ಬೇಡಪ್ಪಾ, ಹತ್ತೋದು ಬೇಕು. ಮುಂದೆ ಚಿಕ್ಕದು ಹಾಕು, ಹಿಂದೆ ದೊಡ್ಡದು."

ರೇಸಣ್ಣ ಅಭ್ಯಾಸಬಲದಿಂದ ಅವಳ ಕೋಣೆಯ ಗೋಡೆಯ ಕಡೆ ನೋಡಿದ. ಅಲ್ಲಿ ಅವನ ಫೋಟೋ ಇರಲಿಲ್ಲ. ಎದ್ದು ಹೋಗಿ ಸಂಜೆಯೊಳಗೆ ಬದಲಾಯಿಸಿಕೊಟ್ಟ.

ಮರುದಿನ ಸೈಕಲ್ಲು ಎಷ್ಟು ನಿಧಾನ ಹತ್ತಿತೆಂದರೆ ಪಕ್ಕದಲ್ಲಿ ನಡೆಯುವವರೇ ಮುಂದೆ ಹೋದರು. ಆದರೆ ಅವಳು ಇಳಿಯಲಿಲ್ಲ. ಉಗ್ರಾಣದ ಬಾಗಿಲಲ್ಲಿ ಮೈದುನ ಎಂದಿನಂತೆ ಶುರು ಮಾಡಿದ. "ಅತ್ತಿಗೆ, ಐವತ್ತು ದಾಟ್ತು..."

ಹೊಲಿಗೆಯಕ್ಕ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಗಂಟನ್ನು ಅವನ ಕೈಗೆ ಕೊಟ್ಟಳು. ಇಷ್ಟು ದಿನ ನುಂಗಿಕೊಂಡ ಉತ್ತರ ಬಾಯಲ್ಲಿತ್ತು, ಅದನ್ನು ಪೂರ್ತಿ ಹೇಳುವಷ್ಟು ಉಸಿರೂ ಇತ್ತು.

"ಕೂತ್ಕೋ," ಎಂದಳು. "ಸ್ವಲ್ಪ ಹೊತ್ತಾಗುತ್ತೆ."