ಕಲಮು ಹದಿನಾಲ್ಕರ 'ಬಹುದು'

ಊರಿನವರೆಲ್ಲ ಅವಳನ್ನು ಸಿಸ್ಟರಕ್ಕ ಎಂದೇ ಕರೆಯುತ್ತಿದ್ದರು. ಊರಿನ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದವಳು. ಒಂದೇ ಹೆಸರಿನಲ್ಲಿ ಎರಡು ಸಲ ಅಕ್ಕನಾದವಳು ಇವಳೊಬ್ಬಳೇ ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಹೊಲಿಗೆ ಯಂತ್ರದ ಸದ್ದು ಇದ್ದೇ ಇರುತ್ತಿತ್ತು. ಹಿಂದಿನ ಬೀದಿಯಲ್ಲಿ ಅವಳ ತಮ್ಮನ ಮನೆ. ಅವನು ಅದೇ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಆಸ್ಪತ್ರೆಗೆ ಇದ್ದದ್ದು ಆ ಒಂದೇ ವಾಹನ.

ಅವಳು ಶಾಸಕಿಯಾದದ್ದು ಅವಳಿಗೇ ಆಶ್ಚರ್ಯ. ಆ ಕ್ಷೇತ್ರದಲ್ಲಿ ಅವಳ ಪಕ್ಷ ಗೆದ್ದು ಮೂವತ್ತು ವರ್ಷವಾಗಿತ್ತು. ನಿಲ್ಲುವವರು ಯಾರೂ ಸಿಗದೆ, ನಾಮಪತ್ರಕ್ಕೆ ಎರಡೇ ದಿನ ಇರುವಾಗ ಪಕ್ಷದವರು ಅವಳ ಮನೆ ಬಾಗಿಲಿಗೆ ಬಂದರು. ಆಡಳಿತ ಪಕ್ಷದ ಇಬ್ಬರು ತಮ್ಮತಮ್ಮಲ್ಲೇ ಕಿತ್ತಾಡಿ ಇಬ್ಬರೂ ಕಣಕ್ಕಿಳಿದರು. ಮತ ಒಡೆಯಿತು. ಮುನ್ನೂರ ಹನ್ನೊಂದು ಮತಗಳಿಂದ ಸಿಸ್ಟರಕ್ಕ ಗೆದ್ದಳು. ಹೆರಿಗೆಯಲ್ಲಿ ನಾನು ಹೊರಗೆ ಎಳೆದು ಹಾಕಿದವರು ಈಗ ನನ್ನನ್ನು ಒಳಗೆ ತಳ್ಳಿದ್ದಾರೆ ಎಂದು ಅವತ್ತು ಅವಳು ಎಲ್ಲರನ್ನೂ ನಗಿಸಿದ್ದಳು.

ಶಾಸನಸಭೆಯಲ್ಲಿ ತೊಂಬತ್ತನಾಲ್ಕು ಕುರ್ಚಿ. ಅವಳ ಪಕ್ಷಕ್ಕೆ ಸಿಕ್ಕಿದ್ದು ಹನ್ನೊಂದು. ಅವಳಿಗೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಜಾಗ. ತಣ್ಣನೆಯ ಗಾಳಿ ನೇರ ಕತ್ತಿಗೇ ಬೀಳುತ್ತಿತ್ತು. ಪಕ್ಷದ ಬಲಕ್ಕೆ ತಕ್ಕ ಹಾಗೆ ಮಾತಿನ ಸಮಯ, ಅಂದರೆ ಮೂರು ನಿಮಿಷ. ಹೆರಿಗೆ ಕೋಣೆಯಲ್ಲಿ ಮೂರು ನಿಮಿಷ ಎಂದರೆ ಒಂದು ಜೀವ ಉಳಿಯುವಷ್ಟು ಹೊತ್ತು. ಇಲ್ಲಿ ಗಂಟಲು ಸರಿಮಾಡಿಕೊಂಡು 'ಮಾನ್ಯ ಸಭಾಧ್ಯಕ್ಷರೇ' ಅನ್ನುವಷ್ಟರಲ್ಲಿ ಮೈಕಿನ ದೀಪ ಕೆಂಪಾಗುತ್ತಿತ್ತು.

ಆ ವರ್ಷದ ಅಧಿವೇಶನ ಮೂರು ತಿಂಗಳು ನಡೆಯಿತು. ಆರೋಗ್ಯ ಮಂತ್ರಿಗಳು ಒಂದು ಮಸೂದೆ ತಂದರು. ವರ್ಷಕ್ಕೆ ಮುನ್ನೂರಕ್ಕಿಂತ ಕಡಿಮೆ ಹೆರಿಗೆಯಾಗುವ ಆಸ್ಪತ್ರೆಗಳಲ್ಲಿ ಹೆರಿಗೆ ವಾರ್ಡು ಮುಚ್ಚುವುದು, ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಕಳಿಸುವುದು. ಕೆಲಸ ಕಡಿಮೆಯಾದಲ್ಲಿ ಕೈ ಮೊಂಡಾಗುತ್ತದೆ, ಅದರಿಂದ ತಾಯಂದಿರಿಗೇ ಅಪಾಯ ಎಂಬುದು ಅವರ ವಾದ. ಅದರಲ್ಲಿ ಅರ್ಧ ನಿಜವಿದೆ ಎಂದು ಸಿಸ್ಟರಕ್ಕನಿಗೆ ಗೊತ್ತಿತ್ತು. ಉಳಿದ ಅರ್ಧವೂ ಗೊತ್ತಿತ್ತು: ಅವಳ ಊರಿನಿಂದ ದೊಡ್ಡಾಸ್ಪತ್ರೆಗೆ ಅರವತ್ತೆಂಟು ಕಿಲೋಮೀಟರು, ಅದರಲ್ಲಿ ಇಪ್ಪತ್ತು ಬರೀ ತಿರುವು.

ಹನ್ನೊಂದು ಜನ ಎದ್ದು ಕೂಗಿದರೆ ಮಸೂದೆ ಬೀಳುವುದಿಲ್ಲ. ಪಕ್ಷದ ನಾಯಕರು ಸಭಾತ್ಯಾಗ ಮಾಡೋಣ, ಪತ್ರಿಕೆಯಲ್ಲಾದರೂ ಬರುತ್ತದೆ ಎಂದರು. ಸಿಸ್ಟರಕ್ಕನಿಗೆ ಅದು ಸರಿ ಕಾಣಲಿಲ್ಲ. ಒಬ್ಬಳೇ ಮಂತ್ರಿಗಳ ಕೋಣೆಗೆ ಹೋದಳು. ಅವರೂ ಒಂದು ಕಾಲಕ್ಕೆ ಡಾಕ್ಟರಾಗಿದ್ದವರು; ಎದ್ದು ಕುರ್ಚಿ ತೋರಿಸಿ ಟೀ ತರಿಸಿದರು. ಅವಳು ಕೇಳಿದ್ದು ಒಂದೇ. ವಾರ್ಡು ಮುಚ್ಚುವ ಪ್ರತಿ ಊರಿಗೂ ಹೆರಿಗೆ ಬಲ್ಲ ನರ್ಸ್ ಇರುವ ಒಂದು ವಾಹನ, ದಿನದ ಇಪ್ಪತ್ನಾಲ್ಕು ಗಂಟೆಯೂ. ಅಷ್ಟು ಕೊಟ್ಟರೆ ನಾನು ಮಸೂದೆಗೆ ಹೌದು ಅನ್ನುತ್ತೇನೆ ಎಂದಳು. ಮಂತ್ರಿಗಳು ಎರಡು ದಿನ ಯೋಚಿಸಿ ಒಪ್ಪಿದರು. ಕರಡು ಬರೆಯುವ ಗುಮಾಸ್ತರ ಎದುರು ಕೂತು ಅವಳೇ ಆ ಸಾಲು ಬರೆಸಿದಳು. 'ವಾಹನವನ್ನು ಒದಗಿಸತಕ್ಕದ್ದು' ಎಂದು ಅದು ಮುಗಿಯುತ್ತಿತ್ತು. ಮಸೂದೆಯ ಹದಿನಾಲ್ಕನೇ ಕಲಮು.

ಅಧಿವೇಶನದ ಕೊನೆಯ ದಿನ ಇಪ್ಪತ್ತಾರು ಮಸೂದೆಗಳು ಸಾಲುಗಟ್ಟಿ ನಿಂತಿದ್ದವು. ಊಟದ ಬಿಡುವು ಮುಗಿಸಿ ಬಂದಾಗ ಎಲ್ಲರ ಮೇಜಿನ ಮೇಲೂ ಪರಿಷ್ಕೃತ ಪ್ರತಿಗಳ ರಾಶಿ ಬಿದ್ದಿತ್ತು. ಸಿಸ್ಟರಕ್ಕ ಆತುರಾತುರವಾಗಿ ಪುಟ ತಿರುವಿದಳು. ಕಲಮು ಹದಿನಾಲ್ಕು ಇತ್ತು. ಮೊದಲ ಸಾಲು ಓದಿದಳು, ಅವಳದೇ ಮಾತು. ಎದೆ ತುಂಬಿ ಬಂತು. ಅಷ್ಟರಲ್ಲಿ ಸಭಾಧ್ಯಕ್ಷರು ಅವಳ ಹೆಸರು ಕರೆದರು. ಎದ್ದು ನಿಂತು, ಕೊಟ್ಟ ಮಾತು ಉಳಿಸಿಕೊಂಡ ಮಂತ್ರಿಗಳಿಗೆ ನನ್ನ ಊರಿನ ತಾಯಂದಿರ ಪರವಾಗಿ ಧನ್ಯವಾದ ಎಂದಳು. ಆಡಳಿತ ಪಕ್ಷದವರು ಮೇಜು ತಟ್ಟಿದರು. ಧ್ವನಿಮತಕ್ಕೆ ಹಾಕಿದಾಗ ಅವಳ ಪಕ್ಷದ ಹತ್ತು ಜನ ಇಲ್ಲ ಎಂದರು, ಅವಳೊಬ್ಬಳು ಹೌದು ಎಂದಳು. ನಾಯಕರು ಅವತ್ತು ಅವಳ ಜೊತೆ ಮಾತಾಡಲಿಲ್ಲ.

ಆದರೆ ಊರಿಗೆ ಹಿಂದಿರುಗಿ ಎರಡು ವಾರವಾಗುವಷ್ಟರಲ್ಲಿ ಅದೇ ನಾಯಕರ ಕಚೇರಿಯಿಂದ ಪತ್ರ ಬಂತು. ಅಧಿವೇಶನದಲ್ಲಿ ತಾವು ಮಾಡಿದ್ದೇನು ಎಂದು ಪ್ರತಿಯೊಬ್ಬ ಸದಸ್ಯರೂ ಎರಡು ಪುಟ ಬರೆದು ಕಳಿಸಬೇಕು, ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು. ಉಳಿದ ಹತ್ತು ಜನರಿಗೆ ಬರೆಯಲು ಸಭಾತ್ಯಾಗಗಳಷ್ಟೇ ಇದ್ದವು. ಸಿಸ್ಟರಕ್ಕ ಗಂಡನ ಅಂಗಡಿಯ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಕೂತು ಬರೆದು ಕಳಿಸಿದಳು. ವಾರ್ಡು ಮುಚ್ಚುವುದನ್ನು ತಡೆಯಲಾಗಲಿಲ್ಲ, ಆದರೆ ಬಾಗಿಲಿಗೇ ವಾಹನ ಬರುತ್ತದೆ, ಅದರಲ್ಲಿ ನರ್ಸ್ ಇರುತ್ತಾಳೆ, ಇದು ಈಗ ಕಾನೂನು ಎಂದು. ಎರಡು ಸಾವಿರ ಕರಪತ್ರ ಕಟ್ಟುಕಟ್ಟಾಗಿ ಬಂದಿಳಿದವು.

ಆ ಕಟ್ಟು ಬಿಚ್ಚಿದ ದಿನವೇ ತಮ್ಮ ಬಂದ. ಹೊಸ ವಾಹನ ತನ್ನ ಕೈಗೇ ಕೊಡುತ್ತಾರೋ ಏನೋ ಎಂಬ ಆಸೆ ಅವನಿಗೆ. ಕಾನೂನಿನ ಪ್ರತಿ ಎಲ್ಲಿದೆ, ನೋಡೋಣ ಎಂದು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತು ಬೆರಳಿಟ್ಟು ಓದತೊಡಗಿದ.

"ಅಕ್ಕಾ, ಇಲ್ಲಿ 'ಒದಗಿಸಬಹುದು' ಅಂತ ಇದೆ" ಎಂದ.

"ಒದಗಿಸತಕ್ಕದ್ದು. ಕನ್ನಡಕ ಹಾಕ್ಕೊಂಡು ಓದು."

"ಹಾಕ್ಕೊಂಡೇ ಇದ್ದೀನಿ. 'ಅಗತ್ಯವೆಂದು ಕಂಡುಬಂದಲ್ಲಿ ಒದಗಿಸಬಹುದು.' ಬಹುದು ಅಂದ್ರೆ, ಕೊಡದೇನೂ ಇರಬಹುದು ಅಂತಲ್ವಾ?"

ಹೊಲಿಗೆ ಯಂತ್ರ ನಿಂತಿತು. ಸಿಸ್ಟರಕ್ಕ ಪ್ರತಿ ಕಿತ್ತುಕೊಂಡು ಓದಿದಳು. ಮೊದಲ ಸಾಲು ಅವಳದೇ. ಎರಡನೆಯದೂ ಅವಳದೇ. ಮೂರನೆಯ ಸಾಲಿನ ಕೊನೆಗೆ ಬೇರೆ ಯಾರೋ ಬಂದು ಕೂತಿದ್ದರು. ಮತ್ತೆ ಮೊದಲಿನಿಂದ ಓದಿದಳು. ಗಂಡ ಎದ್ದು ಹೋಗಿ ನೀರು ತಂದಿಟ್ಟ.

ಮಾರನೆಯ ದಿನ ಮಂತ್ರಿಗಳಿಗೆ ಫೋನು ಮಾಡಿದಳು. ಅವರು ಸಿಟ್ಟಾಗಲೂ ಇಲ್ಲ, ನುಣುಚಿಕೊಳ್ಳಲೂ ಇಲ್ಲ. ಹಣಕಾಸು ಇಲಾಖೆ ಒಪ್ಪಲಿಲ್ಲ, ಕೊನೆ ಗಳಿಗೆಯಲ್ಲಿ ತಿದ್ದಬೇಕಾಯಿತು, ನಿಮಗೆ ತಿಳಿಸುವುದು ಬಿಟ್ಟುಹೋಯಿತು ಎಂದರು. ಆಮೇಲೆ ಮೆಲ್ಲಗೆ, "ಪ್ರತಿ ನಿಮ್ಮ ಮೇಜಿನ ಮೇಲೇ ಇತ್ತಲ್ಲ ಸಿಸ್ಟರ್" ಎಂದರು. ಔಷಧಿ ಬಾಟಲಿಯ ಚೀಟಿಯನ್ನು ಮೂರು ಸಲ ಓದದೆ ಸೂಜಿ ಚುಚ್ಚದವಳು, ಅವತ್ತು ಒಂದು ಸಾಲು ಓದಿ ಮೈಮರೆತಿದ್ದಳು.

ನಾಯಕರಿಗೂ ಹೇಳಿದಳು. ಕರಪತ್ರ ಹಂಚುವುದು ಬೇಡ ಎಂದಳು. ಅವರು ನಕ್ಕರು. ಬಹುದು, ತಕ್ಕದ್ದು ಎಂದು ಯಾರು ಕಾನೂನು ತೆಗೆದು ನೋಡುತ್ತಾರೆ. ಈ ಸಲ ಪಕ್ಷಕ್ಕೆ ಹೇಳಿಕೊಳ್ಳಲು ಇರುವುದು ಇದೊಂದೇ. ವಾಹನ ಬರಲೂಬಹುದು ಎಂದರು. ಸಿಸ್ಟರಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪಕ್ಷದವರು ಬಂದು ಕಟ್ಟು ಒಯ್ದರು. ಅವಳು ಒಳಕೋಣೆಯಲ್ಲೇ ಇದ್ದಳು. ಗಂಡ ಕಟ್ಟುಗಳನ್ನು ಎತ್ತಿಕೊಟ್ಟ. ಅವಳು ಸುಮ್ಮನಿದ್ದ ದಿನಗಳು ಮೂವತ್ತನಾಲ್ಕು. ಅವನ್ನು ಮುಂದೆ ಅವಳೇ ಲೆಕ್ಕ ಹಾಕಿ ಹೇಳುತ್ತಿದ್ದಳು.

ವಾರ್ಡಿಗೆ ಬೀಗ ಬಿತ್ತು. ಮಂಚಗಳನ್ನು ಲಾರಿಗೆ ಹೇರಿದರು, ಹೆರಿಗೆ ಡಾಕ್ಟರನ್ನು ದೊಡ್ಡಾಸ್ಪತ್ರೆಗೆ ವರ್ಗ ಮಾಡಿದರು.

ಮಾರುಕಟ್ಟೆ ಬೀದಿಯ ಬೇಕರಿಯವನ ಹೆಂಡತಿಗೆ ಅದು ಮೊದಲ ಬಸುರು. ದಿನ ತುಂಬುವ ಮೊದಲೇ ದೊಡ್ಡಾಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಹೋಗಿರು ಎಂದು ಅತ್ತೆ ಹೇಳುತ್ತಲೇ ಇದ್ದಳಂತೆ. ಬಾಗಿಲಿಗೇ ಬರುತ್ತೆ ಅಂತ ಸಿಸ್ಟರಕ್ಕನೇ ಬರೆದಿದ್ದಾರಲ್ಲ ಅತ್ತೆ ಎಂದು ಸೊಸೆ ಉಳಿದುಕೊಂಡಳು. ಕರಪತ್ರವನ್ನು ಬೇಕರಿಯ ಗೋಡೆಗೆ, ಫೋನಿನ ಪಕ್ಕದಲ್ಲೇ ಅಂಟಿಸಿದ್ದರು.

ಅದೊಂದು ಬೆಳಗ್ಗೆ ಹತ್ತು ಗಂಟೆಗೆ ನೋವು ಶುರುವಾಯಿತು. ಆಸ್ಪತ್ರೆಗೆ ಫೋನು ಮಾಡಿದರೆ ಹೊಸ ವಾಹನ ಇನ್ನೂ ಬಂದಿಲ್ಲ ಎಂದರು. ಇದ್ದ ಒಂದು ಆಂಬುಲೆನ್ಸಿನಲ್ಲಿ ಸಿಸ್ಟರಕ್ಕನ ತಮ್ಮ ಎದೆನೋವಿನ ರೋಗಿಯೊಬ್ಬರನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಆಗಲೇ ಅರ್ಧ ದಾರಿ ದಾಟಿದ್ದ. ಬೇಕರಿಯವನು ಬಾಡಿಗೆ ಕಾರಿಗಾಗಿ ಅಲೆದಾಡಿ, ಕೊನೆಗೆ ಹಿಟ್ಟು ಮೆತ್ತಿದ ಕೈಯಲ್ಲೇ ಟೈಲರ್ ಅಂಗಡಿಗೆ ಓಡಿಬಂದ. ಸಿಸ್ಟರಕ್ಕ ಚಪ್ಪಲಿ ಮೆಟ್ಟದೆ ಹೊರಟಳು.

ಬೇಕರಿಯ ಹಿಂದಿನ ಕೋಣೆಯಲ್ಲಿ ಒಲೆಯ ಕಾವು. ನೆಲದ ಮೇಲೆ ಹಾಸಿಗೆ. ಅವಳು ಕೈ ತೊಳೆದು ನೋಡಿದಳು. ಮಗು ಕಾಲು ಮುಂದಾಗಿ ಬರುತ್ತಿತ್ತು. ವಾರ್ಡಿನಲ್ಲಾಗಿದ್ದರೆ ಡಾಕ್ಟರಿರುತ್ತಿದ್ದರು, ಆಮ್ಲಜನಕವಿರುತ್ತಿತ್ತು. ಇಲ್ಲಿ ಅವಳ ಎರಡು ಕೈ ಮಾತ್ರ. ತಲೆ ಬರುವುದು ತಡವಾಯಿತು. ಮಗು ಹೊರಬಂದ ಮೇಲೆ ಉಜ್ಜಿದಳು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು, ಎರಡು ಬೆರಳಿಂದ ಎದೆ ಒತ್ತಿದಳು. ಅರ್ಧ ಗಂಟೆ ಬಿಡಲಿಲ್ಲ. ಆಮೇಲೆ ಒಂದು ಬಿಳಿ ಬಟ್ಟೆ ಕೇಳಿದಳು. ಹೆಣ್ಣು ಮಗು. ತಾಯಿ ಉಳಿದಳು.

ಅತ್ತೆ ಅಳಲಿಲ್ಲ. ಗೋಡೆಯ ಕರಪತ್ರವನ್ನು ಕಿತ್ತು ತಂದು ಸಿಸ್ಟರಕ್ಕನ ಕೈಗಿಟ್ಟಳು, ಅಷ್ಟೇ.

ಆ ವಾರ ಊರಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ಅಧಿವೇಶನದ ಹಿನ್ನೋಟ ಎಂದು ಸಿಸ್ಟರಕ್ಕನ ಭಾಷಣ ಮೊದಲೇ ಇಟ್ಟಿದ್ದರು. ರದ್ದು ಮಾಡು ಎಂದ ತಮ್ಮ. ಅವಳು ಕೇಳಲಿಲ್ಲ. ಐವತ್ತು ಕುರ್ಚಿ ಹಾಕಿದ್ದರು, ಹದಿನೇಳು ಜನ ಬಂದರು. ಕೊನೆಯ ಸಾಲಿನಲ್ಲಿ ಬೇಕರಿಯವನು ಕೂತಿದ್ದ. ಸಿಸ್ಟರಕ್ಕ ಕಾಗದ ನೋಡದೆ, ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದಳು. ತಾನು ಬರೆಸಿದ ಮಾತು, ಅಲ್ಲಿ ಬದಲಾದ ಮಾತು, ಪೂರ್ತಿ ಓದದೆ ಧನ್ಯವಾದ ಹೇಳಿದ್ದು, ಎಲ್ಲವನ್ನೂ. "ಮಂತ್ರಿಗಳು ಮೋಸ ಮಾಡಿದ್ರು ಅಂತ ಹೇಳಿ ನಾನು ಮನೆಗೆ ಹೋಗಬಹುದು. ಆದರೆ ತಪ್ಪಾಗಿದೆ ಅಂತ ಗೊತ್ತಾದ ಮೇಲೂ ಮೂವತ್ತನಾಲ್ಕು ದಿನ ಸುಮ್ಮನಿದ್ದೆ. ಅದನ್ನ ಯಾರೂ ತಿದ್ದಿದ್ದಲ್ಲ, ನಾನೇ ಮಾಡಿದ್ದು" ಎಂದಳು.

ಬೇಕರಿಯವನು ಎದ್ದ. ಕೂಗಾಡುತ್ತಾನೆ ಎಂದುಕೊಂಡರು. ಅವನು ಕೇಳಿದ್ದು ಇಷ್ಟೇ: "ಮುಂಚೆನೇ ಹೇಳಿದ್ರೆ ನಾವು ಹೋಗಿರ್ತಿದ್ವಿ, ಅಲ್ವಾ ಅಕ್ಕಾ?"

"ಹೋಗಿರ್ತಿದ್ರಿ" ಎಂದಳು ಸಿಸ್ಟರಕ್ಕ.

ಅವನು ತಲೆಯಾಡಿಸಿ ಹೊರಗೆ ಹೋದ.

ಮುಂದಿನ ಅಧಿವೇಶನದಲ್ಲಿ ಅವಳು ಎರಡು ಕೆಲಸಕ್ಕೆ ಕೈ ಹಾಕಿದಳು. ಕಲಮು ಹದಿನಾಲ್ಕಕ್ಕೆ ತಿದ್ದುಪಡಿ ಕೊಟ್ಟಳು. ಅದು ಪಟ್ಟಿಯಲ್ಲಿ ಕೊನೆಯದಾಗಿ ಸೇರಿ, ಸಮಯ ಸಾಲದೆ ಚರ್ಚೆಗೇ ಬರದೆ ಬಿದ್ದುಹೋಯಿತು. ಎರಡನೆಯದು, ತಾನು ಹೇಳಿದ ಧನ್ಯವಾದವನ್ನು ನಡಾವಳಿಯಿಂದ ತೆಗೆದುಹಾಕಿ ಎಂದು ಸಭಾಧ್ಯಕ್ಷರನ್ನು ಕೇಳಿಕೊಂಡಳು. ಅವರು ಒಳ್ಳೆಯ ಮನುಷ್ಯರು. ಅಸಭ್ಯವಾದ ಮಾತಾದರೆ ತೆಗೆಸಬಹುದು, ಧನ್ಯವಾದವನ್ನು ತೆಗೆಸುವ ನಿಯಮ ಯಾವುದೂ ಇಲ್ಲ ಎಂದು ಬೇಸರದಿಂದಲೇ ತಿಳಿಸಿದರು.

ಅವಳಿಗೆ ಮತ್ತೆ ಟಿಕೆಟು ಕೊಡುವುದಿಲ್ಲ ಎಂದು ಪಕ್ಷ ಮೊದಲೇ ತಿಳಿಸಿತು. ಗ್ರಂಥಾಲಯದ ಮಾತು ನಾಯಕರ ಕಿವಿ ತಲುಪಿತ್ತು. ಅದಕ್ಕೆ ಅವಳು ದುಃಖಪಡಲೂ ಇಲ್ಲ. ಉಳಿದ ಅವಧಿಯನ್ನು ಮುಗಿಸುತ್ತಾ, ಬಂದ ಪ್ರತಿಯೊಂದು ಕಾಗದವನ್ನೂ ಕೊನೆಯ ಅಕ್ಷರದವರೆಗೆ ಓದಿದಳು. ಓದಿದ್ದರಿಂದ ಯಾವುದೂ ಬದಲಾಗಲಿಲ್ಲ. ಹೊಸ ವಾಹನ ಕೊನೆಗೂ ಬರಲಿಲ್ಲ.

ಎರಡು ವರ್ಷದ ಮೇಲೆ, ಸಿಸ್ಟರಕ್ಕನ ಅವಧಿ ಇನ್ನೂ ಇರುವಾಗಲೇ, ಬೇಕರಿಯ ಸೊಸೆ ಮತ್ತೆ ಬಸುರಿಯಾದಳು. ಏಳು ತಿಂಗಳಿಗೇ ದೊಡ್ಡಾಸ್ಪತ್ರೆಯ ಪಕ್ಕ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅವಳು ಹೊರಟ ಬೆಳಗ್ಗೆ ಸಿಸ್ಟರಕ್ಕ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಬೇಕೆಂದೇ ಬಂದಿದ್ದಳೋ ಏನೋ. ಕಾಲು ಊದಿದರೆ, ತಲೆ ಸಿಡಿದರೆ ಒಂದು ಗಂಟೆಯೂ ಕಾಯಬೇಡ, ಹೋಗಿ ತೋರಿಸು ಎಂದಳು.

"ಅಲ್ಲಿ ಎಲ್ಲಾ ಹೇಳಿದಾರೆ ಅಕ್ಕಾ, ಬರೆದೂ ಕೊಟ್ಟಿದಾರೆ" ಎಂದಳು ಬೇಕರಿಯ ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಹತ್ತಿ ಕೂತು, ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಆಚೆ ನೋಡಿದಳು.

ಬಸ್ಸು ಹೊರಟಿತು. ಸಿಸ್ಟರಕ್ಕ ಮನೆಗೆ ನಡೆದಳು. ಅರ್ಜಿ ಹಿಡಿದುಕೊಂಡು ಇಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು.