ಮಾಮಿಯ ಕೈ

ನನ್ನದು ಬಾಯಿ ಬೊಂಬಾಯಿ. ಪಡೀಲಿನ ನಮ್ಮ ಅಡುಗೆಕೋಣೆಯಿಂದ ನಾನು ಕೂಗಿದರೆ ರಸ್ತೆಯ ತಿರುವು ದಾಟಿ ಹೋದ ಮೀನಿನವನೂ ಸ್ಕೂಟರ್ ತಿರುಗಿಸಿಕೊಂಡು ಬರುತ್ತಾನೆ. ಇಂಥ ಮನೆಗೆ ನನ್ನ ಗಂಡ, ಮಸ್ಕತ್ತಿನಿಂದ ರಜೆಗೆ ಬಂದವರು, ಚಿವಾವಾ ಎಂಬ ಪುಟ್ಟ ಜಾತಿಯ ಒಂದು ನಾಯಿಮರಿಯನ್ನು ತಂದುಕೊಟ್ಟು ವಾಪಸು ಹೋದರು. ಕಾವಲಿಗೆ ಒಂದು ನಾಯಿ ಬೇಕೆಂದು ನಾನು ಕೇಳಿದ್ದೆ. ಅವರು ತಂದದ್ದು, ತನಗೇ ಕಾವಲು ಬೇಕಾದ ನಾಯಿಯನ್ನು.

ಸುಲಿದ ತೆಂಗಿನಕಾಯಿಯಷ್ಟು ತೂಕವಿರಲಿಲ್ಲ ಅದು. ಮಿಕ್ಸಿ ತಿರುಗಿದರೆ ನಡುಕ, ಮಳೆ ಬಂದರೆ ನಡುಕ. ನಾನು ಫೋನಿನಲ್ಲಿ ಮಾತಿಗೆ ತೊಡಗಿದರೆ ವಾಷಿಂಗ್ ಮೆಷಿನ್ನಿನ ಹಿಂದೆ ಹೋಗಿ ಕೂರುತ್ತಿತ್ತು. ನೆತ್ತಿಯಲ್ಲಿ ಎಲುಬು ಕೂಡದೆ ಮೆತ್ತಗಿದ್ದ ಒಂದು ಜಾಗವೂ ಇತ್ತು. ಈ ಜಾತಿಯಲ್ಲಿ ಹಾಗೆ ಇರುವುದುಂಟು, ಅಲ್ಲಿ ಒತ್ತಬೇಡಿ, ಎತ್ತರದಿಂದ ಬೀಳದಂತೆ ನೋಡಿಕೊಳ್ಳಿ, ಬೆದರಿಸಬೇಡಿ ಎಂದು ಕೊಟ್ಟಾರದ ನಾಯಿ ಡಾಕ್ಟರು ಹೇಳಿದ್ದರು.

ನನ್ನ ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು. "ನಾಯಿಗೆ ಅಂಗಳ ಉಂಟಲ್ಲ, ಒಳಗೆ ಎಂತಕ್ಕೆ?" ಎಂದು ಗೊಣಗುತ್ತಿದ್ದವರು ಒಂದು ದಿನ ಆ ನೆತ್ತಿಯನ್ನು ಮುಟ್ಟಿ ನೋಡಿದರು. ಅಷ್ಟೇ, ಕರಗಿಹೋದರು. ಅವರ ಕೈಗೆ ಅಂಥ ನೆತ್ತಿಗಳ ಪರಿಚಯವಿತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೀಯಿಸಲು ಮಾಮಿಯೇ ಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ನೆತ್ತಿಗೆ ತೆಂಗಿನೆಣ್ಣೆ ತಟ್ಟಿ ಬಿಸಿನೀರು ಹೊಯ್ಯುವರು. ನನ್ನ ಮಗಳನ್ನೂ ಮೀಯಿಸಿದವರು ಅವರೇ. ಆಗೆಲ್ಲ ನಾನು ನಿಶ್ಚಿಂತೆಯಿಂದ ನಿದ್ದೆ ಹೊಡೆಯುತ್ತಿದ್ದೆ.

ಕಳೆದ ಮಳೆಗಾಲದ ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ, ಮಾಮಿ ನಾಯಿಮರಿಗೂ ಅದೇ ಉಪಚಾರ ಮಾಡಿ ಮುಗಿಸಿದ್ದರು. ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹೆಗಲಿಗೆ ಹಾಕಿಕೊಂಡು ಬಚ್ಚಲಿನಿಂದ ಹೊರಗೆ ಬರುತ್ತಿದ್ದರು. ಅದರ ನೆತ್ತಿ ಎಣ್ಣೆಯಿಂದ ಹೊಳೆಯುತ್ತಿತ್ತು. ಅದು ಅರೆಗಣ್ಣು ಮುಚ್ಚಿಕೊಂಡಿತ್ತು, ನಡುಗುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ಡಾಕ್ಟರ ಮಾತು ಮಾತ್ರ ತಲೆಯಲ್ಲಿತ್ತು.

"ಮಾಮೀ! ಎಂತ ಮಾಡಿದ್ರಿ ನೀವು!" ಎಂದು ಬೊಬ್ಬೆ ಹಾಕಿದೆ.

ನನ್ನ ಸ್ವರಕ್ಕೆ ಬೆಚ್ಚಿದ ಮರಿ ಹೆಗಲಿನಿಂದ ಹಾರಿತು. ಟೈಲ್ಸಿನ ನೆಲಕ್ಕೆ ಬಿದ್ದು ಅದರ ಮುಂಗಾಲು ಮುರಿಯಿತು.

ಕೊಟ್ಟಾರದ ಡಾಕ್ಟರು ಎಕ್ಸ್‌ರೇ ನೋಡುತ್ತಾ, ಹೇಗೆ ಬಿತ್ತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಮಿ, "ನನ್ನ ಕೈ ಜಾರಿತು ಡಾಕ್ಟ್ರೆ" ಎಂದರು. ಊರಿಗೆಲ್ಲ ಕೇಳುವ ನನ್ನ ಬಾಯಿ ಆಗ ಮುಚ್ಚಿಕೊಂಡಿತು. ಗಂಡ ಫೋನು ಮಾಡಿದಾಗ ನಾನೂ ಅದನ್ನೇ ಹೇಳಿದೆ: ಮಾಮಿಯ ಕೈ ಜಾರಿತಂತೆ. ಆ 'ಅಂತೆ' ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಬ್ಯಾಂಡೇಜು ಬಿಚ್ಚಿದ ಮೇಲೂ ಮಾಮಿ ನಾಯಿಯನ್ನು ಮುಟ್ಟಲಿಲ್ಲ. ಕೋಪವಿರಬೇಕು, ತಣ್ಣಗಾಗುತ್ತದೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಆಮೇಲೊಂದು ದಿನ ಪಕ್ಕದ ಮನೆಯವಳು ಬಂದಳು. ಅವಳ ಮಗಳಿಗೆ ಹೆರಿಗೆಯಾಗಿತ್ತು, ಮಗುವನ್ನು ಮೀಯಿಸಲು ಕರೆಯಲಿಕ್ಕೆ ಬಂದಿದ್ದಳು. ಮಾಮಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬೇಡ ಮಾರಾಯ್ತಿ. ಒಂದು ನಾಯಿಮರಿಯನ್ನೇ ಬೀಳಿಸಿದವಳು ನಾನು. ಮಕ್ಕಳನ್ನು ಹಿಡಿಯುವ ಕೈ ಅಲ್ಲ ಇದು ಇನ್ನು."

ಚಹಾ ತಂದ ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಪಕ್ಕದ ಮನೆಯವಳು ಏನೆಂದುಕೊಳ್ಳುತ್ತಾಳೋ ಎಂದು ಹೆದರಿ, ಚಹಾಕ್ಕೆ ಸಕ್ಕರೆ ಸಾಕೇ ಎಂದಷ್ಟೇ ಕೇಳಿದೆ.

ಎರಡು ದಿನ ಅನ್ನ ರುಚಿಸಲಿಲ್ಲ. ಕೊನೆಗೆ ನಾನೇ ಆ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಅವರು ಬೇರೆ ಹೆಂಗಸನ್ನು ಗೊತ್ತು ಮಾಡಿಯಾಗಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮನೆಗೆ ಬಂದು ಮಾಮಿಯ ಹತ್ತಿರ ಕೂತೆ.

"ಮಾಮಿ, ನಿಮ್ಮ ಕೈ ಜಾರ್ಲಿಲ್ಲ. ನಾನು ಬೊಬ್ಬೆ ಹಾಕಿದ್ದಕ್ಕೆ ಅದು ಹಾರಿದ್ದು."

ಮಾಮಿ ಬಸಳೆಯ ಎಲೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾನೇನು ಕಿವುಡಿಯಾ ಮಗಾ? ಡಾಕ್ಟ್ರ ಎದುರು ನಿನ್ನ ಮುಖ ನೋಡ್ಲಿಕ್ಕಾಗದೆ ಹಾಗೆ ಹೇಳಿದ್ದು. ಮನೆಗೆ ಬಂದ ಮೇಲೆ ನೀನು ಹೇಳ್ತೀ ಅಂತ ಕಾದೆ. ನೀನು ಹೇಳ್ಲೇ ಇಲ್ಲ. ಹಾಗಾದ್ರೆ ಕೈ ಜಾರಿದ್ದೇ ಇರ್ಬೇಕು ಅಂತ ಕಡೆಗೆ ನನಗೇ ಅನ್ನಿಸ್ಲಿಕ್ಕೆ ಶುರುವಾಯ್ತು."

ಅಷ್ಟರಲ್ಲಿ ನಾಯಿ ಕುಂಟುತ್ತಾ ಬಂದು ಅವರ ಮೊಣಕಾಲಿಗೆ ಮುಂಗಾಲು ಇಟ್ಟಿತು. ಮಾಮಿಯ ಕೈ ಬಸಳೆಯಿಂದ ಅರ್ಧ ಎದ್ದಿತು, ಮತ್ತೆ ಬಸಳೆಗೇ ಹೋಯಿತು.

"ನೀನೇ ಎತ್ತಿಕೋ" ಎಂದರು.

ನಾನು ಎತ್ತಿಕೊಂಡೆ. ನನ್ನ ಕೈಯಲ್ಲಿ ಅದು ನಡುಗುತ್ತಿತ್ತು.