ಹೆಜ್ಜೆಯಿಲ್ಲದ ತೋಟ

ಪರದೇಶದಲ್ಲಿ ನಾವಿರುವ ರಿಕ್ಕರ್ಟನ್ ಬಡಾವಣೆಯಿಂದ ಮೊಮ್ಮಗಳು ಸಾನ್ವಿಯ ಜೊತೆ ಚಿತ್ರಶಾಲೆಗೆ ಬಂದಿದ್ದೇನೆ. ಗೋಡೆಯ ಮೇಲೆ ಮರದ ಅಚ್ಚಿನಿಂದ ಒತ್ತಿದ ಜಪಾನಿ ತೋಟದ ಚಿತ್ರವಿದೆ. ಕಲ್ಲು, ಮರಳು, ಮರಳಿನ ತುಂಬ ಸಾಲು ಗೆರೆ. ‘ಈ ತೋಟದಲ್ಲಿ ಯಾರಿದ್ದರು?’ ಎಂದು ಅವಳ ಶಾಲೆಯ ಹಾಳೆ ಕೇಳುತ್ತದೆ. ಉತ್ತರ ಬರೆಯದೆ ಹೊರಡುವಂತಿಲ್ಲ.

“ನೋಬಡಿ, ಅಜ್ಜಿ. ಬೋರಿಂಗ್.”

“ಯಾರೂ ಇಲ್ಲಂದ್ರ ಗೆರಿ ಯಾರ ಎಳದಾರ? ಅವ್ರ ಹೆಜ್ಜಿ ಎಲ್ಲದಾವ?”

ಹುಡುಗಿ ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಹುಡುಕಿದಳು. ಒಂದೂ ಇಲ್ಲ.

ಸಗಣಿಯಿಂದ ನೆಲ ಸಾರಿಸಿದವಳಿಗೆ ಹೆಜ್ಜೆ ಉಳಿಯದ ಬಗೆ ಗೊತ್ತಿರದೆ ಇರುತ್ತದೆಯೇ? ಸೆರಗು ಸಿಕ್ಕಿಸಿ, ಬಗ್ಗಿ, ಕೈಯಾಡಿಸುತ್ತ ಹಿಂದೆ ಹಿಂದೆ ಸರಿದು ತೋರಿಸಿದೆ. ಹಿಂದೆ ನಿಂತಿದ್ದ ಚಿತ್ರಶಾಲೆಯ ಕಾವಲುಗಾರನಿಗೆ ಡಿಕ್ಕಿ ಹೊಡೆದೆ. ಸಾನ್ವಿ ನಕ್ಕಳು, ಅವನೂ ನಕ್ಕ.

ಸಾನ್ವಿ ಬರೆದಳು. ಏನು ಬರೆದೆ ಎಂದು ನಾನು ಕೇಳಿದರೆ, ಇಂಗ್ಲಿಷ್ ಬಿಡದವಳು ಕನ್ನಡದಲ್ಲೇ ಹೇಳಿದಳು:

“ಅಜ್ಜಿ ಇದ್ಲು. ಹಿಂದ ಹಿಂದ ಹೋದ್ಲು.”